ಬೆಳ್ಳಿಗೆ ಹಾಕಿದ ಪಥ್ಯ

ಅತ್ತಿಬೆಲೆ,
೧೬-೧೧-೨೦೨೫, ಭಾನುವಾರ

ಪ್ರೀತಿಯ ಮಂಜು,

ಅತ್ತೆ ಭಾಗ್ಯಮ್ಮ ತಲೆ ಸವರಿ ಕೇಳುವುದೇನೆಂದರೆ, ಹೇಗಿದ್ದೀಯಮ್ಮ? ಪಾದದ ಊತ ಇಳಿಯಿತೇ? ಎಡ ಮಗ್ಗುಲಿಗೇ ಮಲಗುತ್ತಿದ್ದೀಯಾ? ಒಳಗಿರುವ ಯಜಮಾನರೋ ಯಜಮಾನಿಯೋ ದಿನಕ್ಕೆ ಎಷ್ಟು ಸಲ ಒದೆಯುತ್ತಾರೆ? ಎಣಿಸಿ ಬರೆದಿಟ್ಟುಕೋ, ಡಾಕ್ಟರು ಕೇಳುತ್ತಾರೆ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದ್ದರಿಂದ ಬರೆದಿದ್ದೇನೆ. ಮುಂದೆ ಓದಿದರೆ ಎಷ್ಟು ಕ್ಷೇಮ ಎಂದು ನಿನಗೇ ತಿಳಿಯುತ್ತದೆ. ಬುಧವಾರ ಸ್ಕ್ಯಾನಿಂಗ್ ಆದಾಗ ಮಗುವಿನ ತೂಕ ತಿಂಗಳಿಗೆ ತಕ್ಕಷ್ಟಿಲ್ಲ, ನಿನ್ನ ರಕ್ತವೂ ಕಡಿಮೆ, ಇನ್ನೊಂದು ವಾರ ನೋಡೋಣ ಎಂದು ಡಾಕ್ಟರು ಹೇಳಿದರಂತೆ. ನನ್ನ ಮಗರಾಯ ಲೋಕೇಶ ಬಂದು ಹೇಳಿದ. ಹೇಳಿ ಬೂಟು ಬಿಚ್ಚದೆ ಸೋಫಾ ಮೇಲೆ ಕುಳಿತ. ನಾನು ಬಯ್ಯಲಿಲ್ಲ. ಅವನು ಈ ಮನೆಯೊಳಗೆ ಬೂಟು ಹಾಕಿಕೊಂಡು ಅರ್ಧ ಗಂಟೆ ಕುಳಿತದ್ದು ಇದೇ ಮೊದಲು.

ಫೋನ್ ಇರುವಾಗ ಈ ಮುದುಕಿ ಕಾಗದ ಏಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನುಮಾನ ಬಂದಿರುತ್ತದೆ. ಕಾರಣ ಎರಡು. ಒಂದು, ನಿಮ್ಮಮ್ಮ. ಬೀಗಿತ್ತಿ ಶೋಭಾರಾಣಿಯವರ ಮೇಲೆ ನನಗೆ ಗೌರವ ಇದೆ, ಆದರೆ ಅವರು ಫೋನನ್ನು ಸ್ಪೀಕರಿಗೆ ಹಾಕಿ ಅಡಿಗೆ ಕಟ್ಟೆಯ ಮೇಲೆ ಒರಗಿಸುತ್ತಾರೆ. ಆಮೇಲೆ ನಾನಾಡಿದ ಮಾತನ್ನು ಹಾಲಿನವನು, ಕೆಲಸದವಳು, ಮೇಲಿನ ರೂಮುಗಳ ಬಾಡಿಗೆ ಹುಡುಗರು, ಹೀಗೆ ಪಟ್ಟಂದೂರು ಅಗ್ರಹಾರದ ಸಮಸ್ತ ನಾಗರಿಕರೂ ಆಲಿಸುತ್ತಾರೆ. ಎರಡನೆಯದು, ಇದನ್ನು ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಕಾಗದವಾದರೆ ಮುಖ ನೋಡಬೇಕಾಗಿಲ್ಲ. ಅಂಚೆಗೆ ಹಾಕಿದರೆ ಯಾವಾಗ ಸೇರುತ್ತದೋ. ನಮ್ಮ ಹಂದಿ ಶೆಡ್ಡಿನ ಯಮನಪ್ಪ ದಿನಾ ಟೆಂಪೋದಲ್ಲಿ ನಿಮ್ಮ ತವರುಮನೆ ಪಕ್ಕದ ಐಟಿ ಪಾರ್ಕಿಗೆ ಕ್ಯಾಂಟೀನ್ ವೇಸ್ಟ್ ತುಂಬಿಕೊಂಡು ಬರಲು ಹೋಗುತ್ತಾನಲ್ಲ, ನಾಳೆ ಬೆಳಿಗ್ಗೆ ಅವನ ಕೈಲೇ ಕಳಿಸುತ್ತೇನೆ. ಕವರಿಗೆ ಸಾಂಬಾರಿನ ವಾಸನೆ ಬಂದರೆ ಬೇಜಾರು ಮಾಡಿಕೊಳ್ಳಬೇಡ. ಒಬ್ಬಳೇ ಕುಳಿತು ಓದು. ಓದಿದ ಮೇಲೆ ಯಾರಿಗೆ ಬೇಕಾದರೂ ತೋರಿಸು.

ಮೊದಲು ಬೆಳ್ಳಿಯ ಸಮಾಚಾರ. ನಗಬೇಡ, ನಿನ್ನ ವಿಷಯ ಬಿಟ್ಟು ಹಂದಿಯ ವಿಷಯಕ್ಕೆ ಬಂದಳು ಎನ್ನಬೇಡ, ಎರಡೂ ಒಂದೇ ವಿಷಯ ಎಂದು ನನಗೂ ಹೋದ ವಾರವೇ ಗೊತ್ತಾದದ್ದು. ನಿನಗೆ ಗೊತ್ತಿಲ್ಲದ ಗುಟ್ಟೊಂದಿದೆ: ಆ ಬಿಳಿ ಹಂದಿಗೆ ನಾಲ್ಕು ವರ್ಷ ‘ರಾಣಿ’ ಎಂದೇ ಹೆಸರಿತ್ತು. ನಿಮ್ಮ ಮನೆಯ ಸಂಬಂಧ ಗೊತ್ತಾದ ದಿನ ನಿಮ್ಮ ಮಾವ ಹನುಮಂತರಾಯಪ್ಪನವರು ಗಾಬರಿಯಿಂದ ಶೆಡ್ಡಿಗೆ ಓಡಿ ಬಂದು, “ಲೇ ಭಾಗ್ಯ, ಬೀಗಿತ್ತಿ ಎಸ್ರೂ ರಾಣಿ ಅಂತ್ಲೇ ಮುಗಿತೈತೆ ಕಣೆ, ಇದರ ಎಸ್ರು ಬದಲಾಯ್ಸೇ” ಎಂದರು. ಅಂದೇ ಸಕಲ ವಿಧಿಗಳೊಂದಿಗೆ, ಅಂದರೆ ಒಂದು ಬಕೆಟ್ ಕೇಸರಿಬಾತಿನೊಂದಿಗೆ, ಮರುನಾಮಕರಣವಾಯಿತು. ಈ ಮಾತು ನಿಮ್ಮಮ್ಮನಿಗೆ ಬೇಡ. ಮನೆಯ ಬಾಡಿಗೆ ವ್ಯವಹಾರ ನಿಮ್ಮ ಮಾವನದು, ಫ್ಯಾಕ್ಟರಿ ಕೆಲಸ ಲೋಕೇಶನದು, ಹಂದಿ ಶೆಡ್ಡು ಮಾತ್ರ ನನ್ನ ಇಲಾಖೆ, ಅಲ್ಲಿ ಯಾರೂ ತಲೆ ಹಾಕುವಂತಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ನಮ್ಮ ಹಂದಿಗಳಿಗೆ ವಾರ ಗೊತ್ತಾಗುವುದು ಊಟದಿಂದ. ಸೋಮವಾರ ಐಟಿಯವರೆಲ್ಲ ತೂಕ ಇಳಿಸುವ ಪಣ ತೊಟ್ಟು ಸಲಾಡ್ ತೆಗೆದುಕೊಂಡು, ಎರಡು ಚೂರು ತಿಂದು ಬಿಟ್ಟಿರುತ್ತಾರೆ. ಬುಧವಾರದ ಹೊತ್ತಿಗೆ ಪಣ ಸಡಿಲವಾಗಿ ಪೂರಿ ಬರುತ್ತದೆ. ಶುಕ್ರವಾರ ಬಿರಿಯಾನಿ. ಮನೆಯಿಂದಲೇ ಕೆಲಸ ಎಂದು ಅವರಿಗೆ ಆರ್ಡರ್ ಆದ ದಿನ ನಮ್ಮ ಶೆಡ್ಡಿನಲ್ಲಿ ಬರೀ ಬೂಸ.

ಬೆಳ್ಳಿಯ ಹೋದ ಬಾರಿಯ ಹೆರಿಗೆ ನಿನಗೆ ನೆನಪಿದೆಯಲ್ಲ? ನೀನು ಈ ಮನೆಗೆ ಬಂದ ಹೊಸತು. ಐದೇ ಮರಿ, ಒಂದೊಂದೂ ಎರಡು ಕೆಜಿ. ಮೂರನೆಯದು ಸಿಕ್ಕಿಹಾಕಿಕೊಂಡು, ಪಶುವೈದ್ಯೆ ಡಾಕ್ಟರ್ ಕಾವ್ಯಾ ಮೊಣಕೈವರೆಗೆ ಕೈ ಹಾಕಿ ಎಳೆದರು. ಬೆಳ್ಳಿ ಕೂಗಿದ ಕೂಗಿಗೆ ಹೈವೇಯಲ್ಲಿ ಲಾರಿಯವರು ನಿಂತು ನೋಡಿದರು. ನೀನು ಬಾಗಿಲ ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. ಆಗಲೇ ನಾನು ತೀರ್ಮಾನ ಮಾಡಿದ್ದು: ತಿಂದು ತಿಂದು ಮರಿ ದಪ್ಪವಾಗಿದ್ದಕ್ಕೇ ಇದಿಷ್ಟೂ ಪಾಡು, ಮುಂದಿನ ಸಲ ಇವಳಿಗೆ ಪಥ್ಯ. ನಮ್ಮತ್ತೆ ನನಗೆ ಹಾಕಿದ್ದು, ಅವರತ್ತೆ ಅವರಿಗೆ ಹಾಕಿದ್ದು ಅದೇ. ಐದು ತಿಂಗಳು ತುಂಬಿದ ಮೇಲೆ ಬಸುರಿಗೆ ಅರ್ಧ ಹೊಟ್ಟೆ. “ಒಟ್ಟೆ ತುಂಬಾ ನೀನೇ ತಿಂದ್ಕೊಂಡ್ರೆ ಕೂಸಿಗೆ ಜಾಗ ಎಲ್ಲೈತೆ?” ಎನ್ನುತ್ತಿದ್ದರು ನಮ್ಮತ್ತೆ. ಕೂಸು ಸಣ್ಣಗಿದ್ದರೆ ಸುಲಭವಾಗಿ ಜಾರಿ ಬರುತ್ತದೆ, ಆಮೇಲೆ ಹೊರಗೆ ಬೆಳೆಸಿಕೊಂಡರಾಯಿತು, ಇದು ನಮ್ಮ ಮನೆಯ ಶಾಸ್ತ್ರ. ಹಾಗಾಗಿ ನಿನಗೆ ಐದು ತುಂಬಿ, ಬೆಳ್ಳಿಗೆ ಅರವತ್ತು ದಿನ ತುಂಬಿದ ಸೆಪ್ಟೆಂಬರಿನ ಆ ವಾರ, ನಿಮ್ಮಿಬ್ಬರಿಗೂ ಒಟ್ಟಿಗೇ ಶುರು ಮಾಡಿದೆ. ನಿನಗೆ ಎರಡು ಮುದ್ದೆ ಇದ್ದದ್ದು ಒಂದಾಯಿತು, ಒಂದಿದ್ದದ್ದು ಅರ್ಧವಾಯಿತು. ಮೊಟ್ಟೆ ಉಷ್ಣ ಎಂದೆ, ಹಾಲು ಕಫ ಎಂದೆ, ಬೇಳೆ ವಾಯು ಎಂದೆ. ಬೆಳ್ಳಿಗೆ ಎರಡು ಬಕೆಟ್ ಇದ್ದದ್ದು ಒಂದಾಯಿತು, ಕೊನೆಯ ತಿಂಗಳಲ್ಲಿ ಅರ್ಧವಾಯಿತು. ನೀನು ತಟ್ಟೆ ನೋಡಿ ಸುಮ್ಮನೆ ಎದ್ದು ಕೈ ತೊಳೆಯುತ್ತಿದ್ದೆ. ಎಂಥ ಒಳ್ಳೆಯ ಸೊಸೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಬೆಳ್ಳಿ ನಿನ್ನಷ್ಟು ಒಳ್ಳೆಯವಳಲ್ಲ. ಅವಳು ಕಬ್ಬಿಣದ ಸರಳು ಕಚ್ಚಿದಳು. ಹಗಲೆಲ್ಲ ಸರಳು ಕಚ್ಚುವುದು, ಬಾಯಲ್ಲಿ ನೊರೆ ಬರುವ ತನಕ ಖಾಲಿ ದವಡೆ ಅಗಿಯುವುದು. ಪಕ್ಕದ ಅಂಕಣದ ಹಂದಿಗಳು ಬಿರಿಯಾನಿ ತಿನ್ನುವಾಗ ಗೋಡೆಗೆ ಮೂತಿ ಒತ್ತಿ ನಿಲ್ಲುತ್ತಿದ್ದಳು. ಯಮನಪ್ಪ ಯಾದಗಿರಿ ಕಡೆಯವನು, ಮಾತು ಕಡಿಮೆ, ಆದರೂ ಮೂರು ಸಲ ಹೇಳಿದ. “ಅವ್ವಾರ, ಬಸರಿ ಐತ್ರಿ ಅದು. ಹೊಟ್ಟಿ ಕಟ್ಟಬ್ಯಾಡ್ರಿ. ಪಾಪ ಹತ್ತತೈತ್ರಿ.” ನಾನು ಬಿಟ್ಟೆನೇ? “ಲೋ ಯಮನಪ್ಪ, ನೀನು ಎಷ್ಟು ಹೆತ್ತಿದ್ದೀಯಪ್ಪಾ?” ಎಂದೆ. ಅವನು ಬಕೆಟ್ ಕೆಳಗಿಟ್ಟು, “ನಾ ಹೆತ್ತಿಲ್ರೀ, ಆದ್ರ ಹಸಿದೀನ್ರಿ” ಎಂದ. ನಾನು ಬಿದ್ದೂ ಬಿದ್ದೂ ನಕ್ಕೆ. ಈ ಜೋಕನ್ನು ನಿಮ್ಮ ಮಾವನಿಗೂ ಹೇಳಿದೆ, ಅಂಗಡಿಯ ದೊಡ್ಡಮುನಿಯಪ್ಪನಿಗೂ ಹೇಳಿದೆ. ಇಷ್ಟು ಜನ ನಕ್ಕಮೇಲೆ ಅದು ಜೋಕೇ ಇರಬೇಕು ಎಂದುಕೊಂಡೆ.

ನಿನ್ನ ಸೀಮಂತಕ್ಕೆ ಏನೇನು ಮಾಡಿಸಿದ್ದೆ, ನೆನಪಿದೆಯಾ? ಐದು ಬಗೆಯ ಚಿತ್ರಾನ್ನ, ಒಬ್ಬಟ್ಟು, ಚಿರೋಟಿ, ಮಡಿಲು ತುಂಬಾ ಹಣ್ಣು. ಬಂದ ಹೆಂಗಸರೆಲ್ಲ ಸಾಲಾಗಿ ನಿಂತು ನಿನ್ನ ಬಾಯಿಗೆ ಸಿಹಿ ಇಟ್ಟು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ನಿನ್ನ ಕೆನ್ನೆ ಒಳಗೆ ಹೋಗಿರುವುದನ್ನು ನಾನು ಮೊನ್ನೆ ನೋಡಿದೆ. ಎಲ್ಲರೂ ಎಲೆ ಎತ್ತಿ ಹೋದಮೇಲೆ ನಿನಗೆ ಅರ್ಧ ಮುದ್ದೆ, ತಿಳಿ ಸಾರು ಹಾಕಿದ್ದೆ. ಮಾರನೆಯ ದಿನ ನೀನು ತವರಿಗೆ ಹೊರಟು ಹೊಸಿಲು ದಾಟುವಾಗ, “ಹೆರಿಗೆ ಆಗೋ ತನಕ ಇದೇ ಪಥ್ಯ ಕಣಮ್ಮ, ನಿಮ್ಮಮ್ಮ ಬಲವಂತ ಮಾಡಿದರೂ ತಿನ್ನಬೇಡ” ಎಂದು ನಿನ್ನ ಕೈ ಹಿಡಿದು ಮಾತು ತೆಗೆದುಕೊಂಡೆ. ಅಲ್ಲಿಯೂ ನೀನು ಆ ಮಾತು ಉಳಿಸಿಕೊಂಡಿದ್ದೀಯ, ತಟ್ಟೆ ಹಿಂದಕ್ಕೆ ತಳ್ಳುತ್ತೀಯ ಎಂದು ಲೋಕೇಶ ಹೇಳಿದ. ಅವನು ಅದನ್ನು ಹೆಮ್ಮೆಯಿಂದ ಹೇಳಲಿಲ್ಲ, ಮಂಜು.

ನೀನು ಹೋದ ಆರನೇ ದಿನ ಬೆಳಿಗ್ಗೆ ಬೆಳ್ಳಿ ಮರಿ ಹಾಕಿದಳು. ಮೂರು ತಿಂಗಳು, ಮೂರು ವಾರ, ಮೂರು ದಿನ, ಹಂದಿಯ ಬಸುರಿನ ಲೆಕ್ಕ ತಪ್ಪಲಿಲ್ಲ. ಹೆರಿಗೆ ಎಷ್ಟು ಸುಲಭ ಅಂತೀಯಾ! ಕೂಗಿಲ್ಲ, ಒದ್ದಾಟವಿಲ್ಲ. ಮರಿಗಳು ಒಂದರ ಹಿಂದೆ ಒಂದು ಜಾರಿಕೊಂಡು ಬಂದವು, ಹನ್ನೊಂದು. “ನೋಡಿದೆಯೇನೋ ಯಮನಪ್ಪ, ಹೆತ್ತವಳು ಹೇಳಿದ್ದು ಕೇಳಬೇಕು” ಎಂದು ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. ಅವನು ಒಂದು ಮರಿಯನ್ನು ಎತ್ತಿ ನನ್ನ ಅಂಗೈಯಲ್ಲಿ ಇಟ್ಟ. ತೂಕವೇ ಇಲ್ಲ. ಒದ್ದೆ ಕರವಸ್ತ್ರ ಇಟ್ಟ ಹಾಗೆ. ಚರ್ಮದ ಒಳಗೆ ಪಕ್ಕೆಲುಬು ಎಣಿಸಬಹುದಿತ್ತು, ಹಣೆ ಮಾತ್ರ ದೊಡ್ಡದು, ಮುದುಕರ ಮುಖ. ಎರಡು ಹುಟ್ಟುವಾಗಲೇ ಸತ್ತಿದ್ದವು. ಉಳಿದ ಒಂಬತ್ತಕ್ಕೆ ಮೊಲೆ ಹುಡುಕಿಕೊಂಡು ಹೋಗಲು ಕಾಲಿನಲ್ಲಿ ಶಕ್ತಿ ಇರಲಿಲ್ಲ. ನಾವೇ ಹಿಡಿದು ಮೊಲೆಗೆ ಹಚ್ಚಿದೆವು. ಹಚ್ಚಿದರೆ ಬೆಳ್ಳಿಯಲ್ಲಿ ಹಾಲಿಲ್ಲ. ಅವಳ ಬೆನ್ನಿನ ಮೂಳೆ ಹಲಗೆಯ ಅಂಚಿನ ಹಾಗೆ ಎದ್ದಿತ್ತು. ನವೆಂಬರಿನ ಚಳಿ ಬೇರೆ. ಬಲ್ಬು ಕಟ್ಟಿದೆವು, ಗೋಣಿ ಹಾಸಿದೆವು. ಮೊದಲ ದಿನ ಮೂರು ಹೋದವು. ಎರಡನೇ ದಿನ ಒಂದು ಹೋಯಿತು, ಮತ್ತೊಂದನ್ನು ಬೆಳ್ಳಿಯೇ ಮಲಗುವಾಗ ಅದುಮಿಬಿಟ್ಟಳು. ಆ ಮರಿ ಕೂಗಲೇ ಇಲ್ಲ. ಗಟ್ಟಿಮುಟ್ಟಾದ ಮರಿಯಾದರೆ ಕೂಗುತ್ತದೆ, ತಾಯಿ ಎದ್ದುಬಿಡುತ್ತಾಳೆ. ನಾಲ್ಕನೇ ದಿನ ಇನ್ನೊಂದು. ಯಮನಪ್ಪ ತೆಂಗಿನ ಮರದ ಬುಡದಲ್ಲಿ ಒಂದೇ ಗುಂಡಿ ತೆಗೆದು, ಮುಚ್ಚದೆ ಹಾಗೇ ಬಿಟ್ಟಿದ್ದ.

ಡಾಕ್ಟರ್ ಕಾವ್ಯಾ ಬಂದರು. ಬಂದವರೇ ಸತ್ತ ಮರಿಯನ್ನು ತಕ್ಕಡಿಗೆ ಹಾಕಿದರು. ಆರುನೂರ ಐವತ್ತು ಗ್ರಾಂ. ಹೋದ ಸಲದ ಮರಿಗಳ ಮೂರನೇ ಒಂದು ಪಾಲು. “ಕೊನೇ ತಿಂಗಳು ಏನ್ ಫೀಡ್ ಕೊಟ್ರಿ ಅಮ್ಮಾ?” ಎಂದರು. ನಾನು ಗಂಭೀರವಾಗಿ, “ಎಲ್ಲಾ ಕೊಟ್ಟಿದ್ದೀವಿ ಮೇಡಂ, ಸೋಯಾ ಹಿಂಡಿ, ಜೋಳದ ನುಚ್ಚು, ಕ್ಯಾಂಟೀನ್ ಊಟ” ಎಂದೆ. ಯಮನಪ್ಪ ನೆಲ ನೋಡುತ್ತಾ ನಿಂತಿದ್ದ. ಅವರು ಬೆಳ್ಳಿಯ ಬೆನ್ನ ಮೇಲೆ ಕೈ ಎಳೆದು, “ನೀವು ಹೇಳೋದು ಒಂದು, ಈ ಮೂಳೆ ಹೇಳೋದು ಒಂದು. ನಾನು ಯಾರನ್ನ ನಂಬಲಿ?” ಎಂದರು. ಆಗ ನಾನು ನಮ್ಮ ಮನೆಯ ಶಾಸ್ತ್ರವನ್ನು ಸವಿಸ್ತಾರವಾಗಿ ವಿವರಿಸಿದೆ. ಆ ಹುಡುಗಿ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಗೋಣಿಯ ಮೇಲೆ ಕುಳಿತು ಸ್ಕೂಲಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಹೋದ ಸಲ ಮರಿ ಸಿಕ್ಕಿಕೊಂಡದ್ದು ಬೆಳ್ಳಿ ತಿಂದದ್ದಕ್ಕಲ್ಲವಂತೆ. ಹೊಟ್ಟೆಯಲ್ಲಿ ಐದೇ ಇದ್ದುದರಿಂದ ಒಂದೊಂದೂ ದೊಡ್ಡದಾದವು. ಅದೂ ಅಲ್ಲದೆ ಮೂರನೆಯದು ಅಡ್ಡ ತಿರುಗಿತ್ತು. ಅಡ್ಡ ತಿರುಗಿದ ಮರಿ ಸಣ್ಣದಾದರೂ ಸಿಕ್ಕಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಅತಿಯಾಗಿ ತಿನ್ನಿಸಬಾರದು, ನಿಜ, ಆದರೆ ಮರಿಗೆ ತೂಕ ಬರುವುದೇ ಕೊನೆಯ ತಿಂಗಳಲ್ಲಿ. ಆಗ ಬಕೆಟ್ ಹೆಚ್ಚಿಸಬೇಕೇ ಹೊರತು ಇಳಿಸಬಾರದು. ಇಳಿಸಿದರೆ ತಾಯಿ ತನ್ನ ಮೈ ಕರಗಿಸಿ ಕೊಡುತ್ತಾಳೆ, ಮೈ ಮುಗಿದ ಮೇಲೆ ಕೊಡಲು ಏನೂ ಇರುವುದಿಲ್ಲ, ಹಾಲೂ ಇರುವುದಿಲ್ಲ. “ಉಳಿದ ಮೂರು ಬದುಕಿದ್ರೂ ಬೇರೆ ಮರಿಗಳ ಜೊತೆ ಸಮಕ್ಕೆ ಬೆಳೆಯೋದು ಕಷ್ಟ ಅಮ್ಮಾ. ಅದರಲ್ಲಿ ಹೆಣ್ಣು ಮರಿ ಇದ್ರೆ, ಅದು ನಾಳೆ ತಾಯಿ ಆದಾಗಲೂ ಇದರ ಗುರುತು ಉಳಿದಿರಬಹುದು” ಎಂದರು.

ಮೂರೂ ಹೆಣ್ಣು, ಮಂಜು.

ನಾನು ಅವರಿಗೆ ಕಾಫಿ ಕೊಟ್ಟೆ. ಕೈ ತೊಳೆಯಲು ಬಿಸಿನೀರು ಕೊಟ್ಟೆ. ಕಾರಿನ ಬಾಗಿಲವರೆಗೂ ಹೋಗಿ, ಏನೋ ಹವಾಮಾನದ ವಿಷಯ ಕೇಳುವವಳ ಹಾಗೆ, “ನಮಗೆ ಗೊತ್ತಿರೋರ ಮನೇಲಿ ಒಬ್ಬಳು ಬಸುರಿ ಹೆಂಗಸಿದ್ದಾಳೆ, ಮನುಷ್ಯರಿಗೂ ಇದೇ ಥರಾನಾ ಮೇಡಂ?” ಎಂದೆ. “ನಾನು ದನಕರುಗಳ ಡಾಕ್ಟ್ರು ಅಮ್ಮಾ, ಮನುಷ್ಯರ ವಿಷಯ ಅವರ ಡಾಕ್ಟ್ರನ್ನೇ ಕೇಳ್ಬೇಕು” ಎಂದು ಕಾರು ಹತ್ತಿದವರು, ಗ್ಲಾಸು ಇಳಿಸಿ, “ಎಷ್ಟನೇ ತಿಂಗಳು?” ಎಂದರು. “ಏಳು ಮುಗಿದಿದೆ” ಎಂದೆ. “ಹಾಗಾದ್ರೆ ಇನ್ನೂ ಟೈಮ್ ಇದೆ. ಚೆನ್ನಾಗಿ ತಿನ್ನಕ್ಕೆ ಹೇಳಿ. ಹಂದಿಗಾದ್ರೂ ಮನುಷ್ಯರಿಗಾದ್ರೂ ಹೊಟ್ಟೇಲಿರೋ ಕೂಸಿಗೆ ಅಡಿಗೆಮನೆ ಬೇರೆ ಇರಲ್ಲ.” ಕಾರು ಸ್ಟಾರ್ಟ್ ಮಾಡುತ್ತಾ ಕೇಳಿದರು, “ನಿಮ್ಮ ಸೊಸೇನಾ?” ನಾನು ಕಾರಿನ ಹಿಂದೆ ಬರುತ್ತಿದ್ದ ಹಸುವನ್ನು ಓಡಿಸಲು ಹೋದೆ. ಹಸು ಬಹಳ ದೂರದಲ್ಲಿತ್ತು.

ಈಗ ಲೋಕೇಶನಿಗೂ ಗೊತ್ತಿಲ್ಲದ ಮಾತು. ಅವನಿಗಿಂತ ಮೊದಲು ನನಗೊಂದು ಹೆಣ್ಣು ಮಗು ಹುಟ್ಟಿತ್ತು. ಎಂಬತ್ತೆಂಟನೇ ಇಸವಿ, ಇದೇ ಮನೆಯ ಹಿಂದಿನ ಕೋಣೆಯಲ್ಲಿ. ನಮ್ಮತ್ತೆ ನನ್ನ ಪಥ್ಯವನ್ನು ಎಷ್ಟು ಶ್ರದ್ಧೆಯಿಂದ ನಡೆಸಿದರೆಂದರೆ, ಮುದ್ದೆ ಕಟ್ಟಿದ ಪಾತ್ರೆಗೆ ಅಂಟಿಕೊಂಡದ್ದನ್ನು ಕೆರೆದು ತಿನ್ನಲೂ ಬಿಡುತ್ತಿರಲಿಲ್ಲ, ತಾವೇ ನೀರು ಹಾಕಿ ನೆನೆಸಿಬಿಡುತ್ತಿದ್ದರು. ಹೆರಿಗೆ ಬಹಳ ಸುಲಭವಾಯಿತು. ಸೂಲಗಿತ್ತಿ ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಮಗು ಹುಟ್ಟಿತ್ತು. ಊರೆಲ್ಲ ಹೊಗಳಿತು. ಆ ಮಗುವಿಗೆ ಹಣೆ ಮಾತ್ರ ದೊಡ್ಡದಿತ್ತು. ಅಳು ಬೆಕ್ಕಿನ ಮರಿಯಷ್ಟು. ಒಂಬತ್ತು ದಿನ ಇತ್ತು. ಹೆಸರಿಡುವ ಮೊದಲೇ ಹೋಯಿತು. ಹಣೆಬರಹ ಎಂದರು, ದೃಷ್ಟಿ ಎಂದರು, ನಾನೂ ಅಂದೆ. ಮೂರು ವರ್ಷದ ಮೇಲೆ ಲೋಕೇಶ ಹೊಟ್ಟೆಯಲ್ಲಿದ್ದಾಗ ನಮ್ಮಪ್ಪನಿಗೆ ಕಾಯಿಲೆ ಎಂದು ನಾಲ್ಕನೇ ತಿಂಗಳಿಗೇ ತವರಿಗೆ ಹೋಗಿಬಿಟ್ಟೆ, ಅಲ್ಲಿ ನಮ್ಮಮ್ಮ ಕದ್ದುಮುಚ್ಚಿ ತಿನ್ನಿಸಿದಳು. ಮೂರೂಕಾಲು ಕೆಜಿ ಹುಟ್ಟಿದ. ಎರಡು ದಿನ ನೋವು ತಿಂದೆ, ಸತ್ತೇ ಹೋಗುತ್ತೇನೆ ಎಂದುಕೊಂಡೆ. ನೋಡು ನನ್ನ ಬುದ್ಧಿಯನ್ನ. ಸತ್ತ ಮಗುವಿಗೆ ಹಣೆಬರಹ ಕಾರಣ ಎಂದೆ, ಬದುಕಿದ ಮಗನ ಹೆರಿಗೆ ನೋವಿಗೆ ಮಾತ್ರ ಊಟ ಕಾರಣ ಎಂದೆ. ಮೂವತ್ತೇಳು ವರ್ಷ ಹಾಗೇ ನಂಬಿಕೊಂಡು ಬಂದೆ. ಆ ನೋವು ನಿನಗೆ ಬೇಡ ಎಂದೇ ನಿನ್ನ ತಟ್ಟೆಗೆ ಕೈ ಹಾಕಿದ್ದು. ಬೆಳ್ಳಿಯ ಬಕೆಟ್ಟಿಗೂ ಅದಕ್ಕೇ ಕೈ ಹಾಕಿದ್ದು. ದ್ವೇಷದಿಂದ ಮಾಡಿದ್ದರೆ ಒಂದು ದಿನವಾದರೂ ಮರೆತುಬಿಡುತ್ತಿದ್ದೆನೇನೋ. ಪ್ರೀತಿಯಿಂದ ಮಾಡಿದ್ದರಿಂದ ಒಂದು ಹೊತ್ತೂ ತಪ್ಪಲಿಲ್ಲ.

ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದ ಬರೀ ನಾಟಕವಾಗುತ್ತದೆ. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಟೆಂಪೋ ಬಂದಾಗ ಯಮನಪ್ಪ ನೀರಿನ ಪೈಪು ತರಲು ಒಳಗೆ ಹೋದ. ನೀನು ಒಗೆದ ಬಟ್ಟೆ ತೆಗೆಯಲು ಬಂದವಳು ಡ್ರಮ್ಮುಗಳ ಹತ್ತಿರ ನಿಂತೆ. ಮೇಲೆ ಬಾಳೆಹಣ್ಣಿನ ಚಿಪ್ಪೊಂದಿತ್ತು, ಕ್ಯಾಂಟೀನಿನಲ್ಲಿ ಯಾರೂ ಮುಟ್ಟದೆ ಉಳಿದದ್ದು. ನೀನು ಆ ಕಡೆ ಈ ಕಡೆ ನೋಡಿ ಎರಡು ಹಣ್ಣು ಕಿತ್ತು ಒಗೆದ ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಯಾರೂ ನೋಡಲಿಲ್ಲ ಎಂದುಕೊಂಡಿರುತ್ತೀಯ. ನಾನು ಅಡಿಗೆಮನೆ ಕಿಟಕಿಯಲ್ಲಿದ್ದೆ. ನನ್ನ ಸೊಸೆ, ಹತ್ತು ಮನೆ ಬಾಡಿಗೆಗೆ ಕೊಟ್ಟಿರುವ ಮನೆಯ ಸೊಸೆ, ಹಂದಿಗೆ ಬಂದದ್ದರಲ್ಲಿ ಕದ್ದು ತಿಂದಳು. ಆಗ ಓಡಿ ಬಂದು ನಿನ್ನನ್ನು ಕೂರಿಸಿ ಬಡಿಸಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಮಾರನೆಯ ದಿನದಿಂದ ಹಣ್ಣನ್ನೆಲ್ಲ ಗೇಟಿನ ಹೊರಗೇ ಬೇರೆ ಮಾಡಿ, ಮೊದಲು ಶೆಡ್ಡಿಗೆ ಸುರಿದು, ಆಮೇಲೆ ಟೆಂಪೋ ಒಳಗೆ ತರಬೇಕೆಂದು ಯಮನಪ್ಪನಿಗೆ ಹೇಳಿದೆ. ಅವನು ಹಾಗೇ ಮಾಡಿದ.

ಮೂರರಲ್ಲಿ ಇಂದು ಬೆಳಿಗ್ಗೆ ಒಂದು ಹೋಯಿತು. ಈಗ ಎರಡಿವೆ. ಟಿವಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಹಾಲ್‌ನಲ್ಲೇ ಇಟ್ಟಿದ್ದೇವೆ. ನಿಮ್ಮ ಮಾವ, ತಾವು ಕುಡಿದ ಕಾಫಿ ಲೋಟವನ್ನು ಈ ಜನ್ಮದಲ್ಲಿ ಎತ್ತಿಟ್ಟವರಲ್ಲ, ಈಗ ಎರಡು ಗಂಟೆಗೊಮ್ಮೆ ಹಾಲಿನ ಬಾಟಲಿ ಹಿಡಿದು, “ಕುಡಿಯೇ ತಾಯಿ, ಒಂದ್ ಗುಟುಕು, ಇಂಗ್ ಮಾಡ್ಬ್ಯಾಡ” ಎಂದು ಹಂದಿಮರಿಯನ್ನು ಗೋಗರೆಯುತ್ತಾ ಕೂರುತ್ತಾರೆ. ನೋಡಿದರೆ ನಗು ಬರುತ್ತದೆ, ನಕ್ಕರೆ ಅವರು ಅಳುತ್ತಾರೆ. ಹೀಗಿದೆ ಮನೆ. ಬೆಳ್ಳಿಗೆ ಈಗ ಮೂರು ಬಕೆಟ್ ಹಾಕುತ್ತಿದ್ದೇವೆ, ತಿನ್ನುತ್ತಾಳೆ. ತಿನ್ನುತ್ತಾ ತಿನ್ನುತ್ತಾ ಮರಿಗಳಿದ್ದ ಮೂಲೆ ಕಡೆ ತಿರುಗಿ ನೋಡುತ್ತಾಳೆ.

ಬೆಳ್ಳಿಯ ಕೊನೆಯ ತಿಂಗಳು ಕಳೆದುಹೋಯಿತು. ನಿನ್ನದು ಇನ್ನೂ ಬಂದಿಲ್ಲ. ಆದ್ದರಿಂದ ಹೊಸಿಲಲ್ಲಿ ನಿನ್ನ ಕೈಲಿ ತೆಗೆದುಕೊಂಡ ಮಾತನ್ನು ಈ ಕಾಗದದ ಮೂಲಕ ವಾಪಸು ಕೊಡುತ್ತಿದ್ದೇನೆ. ನಿಮ್ಮಮ್ಮ ಏನು ಹಾಕಿದರೂ ತಿನ್ನು. ಸಾಲದಿದ್ದರೆ ಕೇಳಿ ಹಾಕಿಸಿಕೋ. ನಾಚಿಕೆಯಾದರೆ ಅತ್ತೆ ಹೇಳಿದ್ದಾರೆ ಎನ್ನು, ಇಷ್ಟು ದಿನ ಅತ್ತೆ ಹೇಳಿದ್ದನ್ನೆಲ್ಲ ಕೇಳಿದ್ದೀಯ, ಇದೊಂದನ್ನೂ ಕೇಳು. ಎಷ್ಟು, ಏನು, ಯಾವ ಹೊತ್ತಿಗೆ ಎನ್ನುವುದನ್ನು ಡಾಕ್ಟರಿಂದ ಬರೆಸಿಕೋ, ನಮ್ಮಂಥವರ ಶಾಸ್ತ್ರ ಕೇಳಬೇಡ. ನೋವು ಬಂದರೆ ಬರಲಿ, ಆಸ್ಪತ್ರೆಯಿದೆ, ನಾನೂ ಇದ್ದೇನೆ, ಬಾ ಎಂದು ನೀನು ಅಂದರೆ.

ಬೀಗರಿಗೆ, ಬೀಗಿತ್ತಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೂ ನಿನ್ನ ಒಳಗಿರುವುದಕ್ಕೂ ನೂರು ವರ್ಷ ಆಯುಸ್ಸಿರಲಿ. ಇದನ್ನು ಬರೆಯುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ, ಬರೆದಿದ್ದೇನೆ.

ಇಂತು ನಿನ್ನ ಅತ್ತೆ,
ಭಾಗ್ಯಮ್ಮ

ವಿ.ಸೂ.: ಸೋಮವಾರ ಬೆಳಿಗ್ಗೆ. ಯಮನಪ್ಪ ಟೆಂಪೋ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಬರೆಯಲು ಮರೆತೆ ಎಂದು ಸುಳ್ಳು ಹೇಳುವುದಿಲ್ಲ, ನಿನ್ನೆ ಧೈರ್ಯ ಬರಲಿಲ್ಲ. ಆಸ್ಪತ್ರೆಯವರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಎಂದು ಊಟವಾದ ಮೇಲೆ ದಿನಾ ನಾನು ನಿನ್ನ ಕೈಗೆ ಕೊಡುತ್ತಿದ್ದುದು ಆ ಮಾತ್ರೆಯಲ್ಲ. ನಿಮ್ಮ ಮಾವನ ವಿಟಮಿನ್ ಮಾತ್ರೆ. ಬಣ್ಣ ಒಂದೇ. ಕಬ್ಬಿಣದ ಮಾತ್ರೆ ಮಗುವನ್ನು ದಪ್ಪ ಮಾಡುತ್ತದೆ ಎಂದು ಯಾರೋ ಹೇಳಿದ್ದರು. ನೀನು ಹೊರಡುವಾಗ ನಾನು ತುಂಬಿಸಿ ಕೊಟ್ಟ ಡಬ್ಬಿಯಲ್ಲಿರುವುದೂ ಅದೇ, ಅದನ್ನು ಎಸೆ. ನಿಜವಾದ ಮಾತ್ರೆಗಳೆಲ್ಲ ಈ ಕವರಿನಲ್ಲಿವೆ, ನೀನಾಗಿ ತೆಗೆದುಕೊಳ್ಳಬೇಡ, ಡಾಕ್ಟರ ಮುಂದೆ ಸುರಿ. ಮಾತ್ರೆ ತಿಂದರೂ ರಕ್ತ ಏಕೆ ಏರುತ್ತಿಲ್ಲ ಎಂದು ಅವರು ಬೇರೆ ಕಾಯಿಲೆ ಹುಡುಕುತ್ತಿದ್ದಾರಂತೆ. ಹುಡುಕುವುದು ಬೇಡ ಎನ್ನು. ಬುಧವಾರದ ತನಕ ಕಾಯಬೇಡ, ಇವತ್ತೇ ಹೋಗು. ಯಾರು ಹೀಗೆ ಮಾಡಿದ್ದು ಎಂದು ಅವರು ಕೇಳಿದರೆ ಬರೀ ಅತ್ತೆ ಎನ್ನಬೇಡ, ಅತ್ತೆಯರು ಬಹಳ ಜನ ಇದ್ದಾರೆ. ಭಾಗ್ಯಮ್ಮ ಎಂದು ಹೆಸರು ಹಿಡಿದು ಹೇಳು.